ಶಿವನಿಯ ಕೊಟ್ಟಿಗೆಯಲ್ಲಿ ತಣ್ಣನೆಯ ಹೊಗೆ

“ಇದು ಉಪ್ಪಿನಕಾಯಿ ಜಾಡಿ,” ಎಂದ ಸಣ್ಣಬೀರಪ್ಪ.

ಅದರ ಮೇಲೆ ಕೂತುಕೊಂಡೇ ಹೇಳಿದ. ಕೊಟ್ಟಿಗೆಯ ಮೂಲೆಯಲ್ಲಿದ್ದ ಆ ವಸ್ತುವಿಗೆ ಕರಿಕಂಬಳಿ ಹೊದಿಸಿತ್ತು. ಎತ್ತರ ಅವನ ಮೊಣಕಾಲಿನಷ್ಟು. ಕಂಬಳಿಯ ಅಂಚಿನಿಂದ ಬಿಳಿಯ ಹೊಗೆ ಎಳೆಎಳೆಯಾಗಿ ಇಳಿದು, ನೆಲದ ಮೇಲೆ ಹರಿದು, ಗೋದಲಿಯ ಬಳಿ ಕಟ್ಟಿದ್ದ ಕಂದು ಹಸುವಿನ ಕಾಲಿನ ತನಕ ಬಂದು ಕರಗುತ್ತಿತ್ತು. ಹಸು ಒಂದೊಂದೇ ಕಾಲೆತ್ತಿ ನೋಡಿಕೊಳ್ಳುತ್ತಿತ್ತು.

“ಉಪ್ಪಿನಕಾಯಿ ಹೊಗೆ ಬಿಡ್ತದೇನಪ್ಪಾ?” ಎಂದು ಕೇಳಿದ ಪತ್ತೇದಾರ ತೀರ್ಥಪ್ಪ.

“ಖಾರ ಒಂಚೂರು ಜಾಸ್ತಿ ಆಗೈತೆ ಸ್ವಾಮಿ.”

ಎಂಬತ್ತಮೂರನೇ ಇಸವಿಯ ಏಪ್ರಿಲ್. ಶಿವನಿಯ ಬೀದಿಯಲ್ಲಿ ನಾಯಿಗಳೂ ನೆರಳು ಬಿಟ್ಟು ಕದಲದ ಮಧ್ಯಾಹ್ನ. ಅಂಥ ಬಿಸಿಲಿನಲ್ಲಿ ಸಣ್ಣಬೀರಪ್ಪನ ಹಲ್ಲು ಕಟಕಟ ಎನ್ನುತ್ತಿದ್ದವು. ಹೆಸರಿನಲ್ಲಿ ಸಣ್ಣ ಎಂದಿದ್ದರೂ ಆಳು ಬಾಗಿಲಿಗೆ ಅಡ್ಡ ನಿಂತರೆ ಕೊಟ್ಟಿಗೆ ಪೂರಾ ಕತ್ತಲಾಗಬೇಕು. ಅವನನ್ನು ಕೈಹಿಡಿದು ಎಬ್ಬಿಸುವುದು ತೀರ್ಥಪ್ಪನಂಥ ಕಡ್ಡಿ ಮೈಯವನಿಂದ ಆಗುವ ಕೆಲಸವಾಗಿರಲಿಲ್ಲ.

ಆದರೂ ತೀರ್ಥಪ್ಪ ತೋಳು ಮಡಚಿದ.

“ಬೇಡ ಬೇಡ,” ಎಂದು ಹಿಂದಿನಿಂದ ಶರಟು ಹಿಡಿದೆಳೆದವರು ಅಜ್ಜಂಪುರದ ಪಶುವೈದ್ಯ ಡಾಕ್ಟರ್ ಮಲ್ಲಿಕಾರ್ಜುನಪ್ಪ. “ಎಳೆದಾಡಿದ್ರೆ ಕ್ಯಾನು ಉರುಳುತ್ತೆ. ಉರುಳಿದ್ರೆ ಒಳಗೆ ತಂಪು ಹಿಡಿದಿಟ್ಟಿರೋ ದ್ರವ ನೈಟ್ರೋಜನ್ ಚೆಲ್ಲಿಹೋಗುತ್ತೆ. ಆಮೇಲೆ ಅದನ್ನ ತಗೊಂಡು ಏನೂ ಉಪಯೋಗ ಇಲ್ಲ. ಅವನಾಗೇ ಏಳಬೇಕು ಕಣ್ರೀ.”

“ನನಗೆ ಸೊಂಟ ಹಿಡ್ಕಂಡೈತೆ,” ಎಂದ ಸಣ್ಣಬೀರಪ್ಪ. “ಏಳಾಕೆ ಆಗಲ್ಲ.”

ಕಂಬಳಿಯ ಕೆಳಗೆ ಇರುವುದು ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಿಂದಿನ ದಿನ ಬೆಳಿಗ್ಗೆ ಅಜ್ಜಂಪುರ ಸ್ಟೇಷನ್ನಿನ ಎದುರು, ಕಲ್ಲೇಶಪ್ಪನ ಹೋಟೆಲಿನ ಬೆಂಚಿನ ಮೇಲಿಂದ ಕಾಣೆಯಾದ, ಮಲ್ಲಿಕಾರ್ಜುನಪ್ಪನವರ ಆಸ್ಪತ್ರೆಯ ನೈಟ್ರೋಜನ್ ಕ್ಯಾನು ಅದು. ಅದರೊಳಗೆ ದೇವನೂರಿನ ಕಾಂತಮ್ಮನ ಎದೆಯಿಂದ ತೆಗೆದ ಗಂಟಿನ ಒಂದು ಚೂರು ಇತ್ತು. ಹುಬ್ಬಳ್ಳಿ ಕಡೆಯ ರೈಲು ಹತ್ತಿ, ಬೊಂಬಾಯಿಯ ಪ್ರಯೋಗಾಲಯ ಸೇರಬೇಕಾದ ಚೂರು.

ತರೀಕೆರೆಯ ನರ್ಸಿಂಗ್ ಹೋಮಿನ ಕಾಂಪೌಂಡರ್ ಮಂಜಪ್ಪ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅಜ್ಜಂಪುರದ ತನಕ ಜೋಪಾನವಾಗಿಯೇ ತಂದಿದ್ದ. ರೈಲಿಗೆ ಇನ್ನೂ ಹೊತ್ತಿದ್ದುದರಿಂದ ಕಲ್ಲೇಶಪ್ಪನ ಹೋಟೆಲಿಗೆ ಹೊಕ್ಕ. ತಿಂಡಿ ಮುಗಿಸಿ ಕೈತೊಳೆಯಲು ಹೋದ. ಬಂದು ನೋಡಿದಾಗ ಬೆಂಚಿನ ಮೇಲೆ ಉಳಿದಿದ್ದದ್ದು ಅವನ ಕೊಡೆ ಮಾತ್ರ. ಕೊಡೆ ಉಳಿಯಿತಲ್ಲ ಎಂದು ಅವನು ಸಮಾಧಾನ ಹೇಳಿಕೊಂಡದ್ದನ್ನು ಕೇಳಿ, ಆಪರೇಷನ್ ಮಾಡಿದ ಡಾಕ್ಟರ್ ಪಂಚಾಕ್ಷರಪ್ಪನವರು ಅವನನ್ನು ಕೆಲಸದಿಂದ ತೆಗೆದು, ಸಂಜೆ ಮತ್ತೆ ಸೇರಿಸಿಕೊಂಡಿದ್ದರು.

ತೀರ್ಥಪ್ಪನನ್ನು ಈ ಪ್ರಕರಣಕ್ಕೆ ಎಳೆದು ತಂದವಳು ಅವನ ಅಕ್ಕ ಕಲ್ಲಮ್ಮ. ತರೀಕೆರೆಯಲ್ಲಿ ಒಂಟಿಯಾಗಿ ಮನೆ ಮಾಡಿಕೊಂಡಿದ್ದ ನಿವೃತ್ತ ಹೆಡ್ಮಿಸ್ಟ್ರೆಸ್ಸು. ಕಡೂರಿನಲ್ಲಿ ಗೊಬ್ಬರದಂಗಡಿಯ ಮೇಲಿನ ಕೋಣೆಯೇ ತೀರ್ಥಪ್ಪನ ಪತ್ತೇದಾರಿ ಕಚೇರಿ. ಪೊಲೀಸ್ ದಫೇದಾರಿಕೆ ಬಿಟ್ಟು ಈ ಕಸುಬಿಗೆ ಇಳಿದ ಮೇಲೆ ಅವನ ಕೈಗೆ ಹೆಚ್ಚಾಗಿ ಸಿಕ್ಕಿದ್ದು ತಪ್ಪಿಸಿಕೊಂಡ ಎಮ್ಮೆಗಳು, ಇಬ್ಬರು ಓಡಿಹೋದ ಮದುಮಕ್ಕಳು. ಅಕ್ಕ ಕಚೇರಿಯ ಮೆಟ್ಟಿಲು ಹತ್ತಿ ಬಂದು, “ಏಳೋ ತೀರ್ಥ, ಸ್ಕೂಟರ್ ತೆಗಿ,” ಎಂದಾಗ ಅವನು ಒಂದು ಎಮ್ಮೆಯ ಕೊಂಬಿನ ಗುರುತು ಬರೆದುಕೊಳ್ಳುತ್ತಿದ್ದ.

ಮೊದಲು ಡಾಕ್ಟರ್ ಪಂಚಾಕ್ಷರಪ್ಪನವರ ಬಳಿ ಹೋಗಿ ವಿಷಯ ತಿಳಿದುಕೊಂಡದ್ದಾಗಿತ್ತು. ಬೊಂಬಾಯಿಯಲ್ಲಿ ಓದಿ ಬಂದಿದ್ದ ಆ ಡಾಕ್ಟರು ಯಾರಿಗೇ ಆಗಲಿ ರೋಗವನ್ನು ಪೂರಾ ಬಿಡಿಸಿ ಹೇಳುವ ಪೈಕಿ.

“ಹೆಂಗಸರ ಮೈಯಲ್ಲಿ ಒಂದು ಹಾರ್ಮೋನು ರಕ್ತದ ಜೊತೆ ಹರಿದು ಬರುತ್ತೆ. ಕೆಲವರ ಗಂಟಿನ ಜೀವಕೋಶದೊಳಗೆ ಒಂದು ಪ್ರೋಟೀನು ಇರುತ್ತೆ. ಆ ಹಾರ್ಮೋನನ್ನ ಹಿಡ್ಕೊಳ್ಳೋದೇ ಅದರ ಕೆಲಸ. ಹಿಡ್ಕೊಂಡ ಮೇಲೆ, ಬೆಳಿ, ಒಂದು ಎರಡಾಗು ಅಂತ ಕೋಶಕ್ಕೆ ಅಪ್ಪಣೆ ಹೋಗುತ್ತೆ. ಗಂಟು ಬೆಳೀತಾ ಹೋಗುತ್ತೆ.”

“ಅಂದ್ರೆ ಹೊರಗಿಂದ ಬಂದೋನ ಜೊತೆ ಒಳಗಿನೋನೂ ಒಬ್ಬ ಶಾಮೀಲು,” ಎಂದಿದ್ದ ತೀರ್ಥಪ್ಪ.

“ಬೇಕಾದ್ರೆ ಹಾಗೆ ಅಂದ್ಕೊಳ್ಳಿ.”

“ಒಳಗಿನೋನ ಹೆಸರು?”

“ಈಸ್ಟ್ರೊಜೆನ್ ರಿಸೆಪ್ಟರ್.”

ತೀರ್ಥಪ್ಪ ಹಳೆಯ ಅಭ್ಯಾಸಬಲದಿಂದ, “ವಯಸ್ಸು? ಊರು?” ಎಂದು ಕೇಳಿಬಿಟ್ಟು ಅಕ್ಕನ ಕಡೆ ನೋಡಿದ್ದ. ಅಕ್ಕ ಕಿಟಕಿಯ ಆಚೆ ನೋಡುತ್ತಿದ್ದಳು.

ಡಾಕ್ಟರು ನಗದೆ ಮುಂದುವರಿಸಿದ್ದರು. ಗಂಟಿನಲ್ಲಿ ಆ ಪ್ರೋಟೀನು ಇದ್ದರೆ ಒಂದು ಮಾತ್ರೆ ಇದೆ. ಅದು ಹೋಗಿ ಪ್ರೋಟೀನನ್ನು ತಾನೇ ಹಿಡಿದುಕೊಂಡು ಕೂತರೆ ಹಾರ್ಮೋನಿಗೆ ಜಾಗ ಸಿಗುವುದಿಲ್ಲ. ಎಷ್ಟೋ ಜನಕ್ಕೆ ಅಷ್ಟರಿಂದಲೇ ರೋಗ ವರ್ಷಗಟ್ಟಲೆ ಅಡಗಿದೆ. ಪ್ರೋಟೀನು ಇಲ್ಲದಿದ್ದರೆ ಆ ಮಾತ್ರೆಯಿಂದ ಏನೂ ಆಗದು. ಕೂದಲು ಉದುರಿಸುವ, ಊಟ ಸೇರದಂತೆ ಮಾಡುವ ಕಡು ಔಷಧಿಗಳೇ ಬೇಕು. ಇದೆಯೋ ಇಲ್ಲವೋ ಎಂದು ಹೇಳಬಲ್ಲದ್ದು ಆ ಚೂರೊಂದೇ. ಉಳಿದ ಗಂಟನ್ನು ಕೊಳೆಯದಂತೆ ಆಗಲೇ ಫಾರ್ಮಲಿನ್ನಿಗೆ ಹಾಕಿಯಾಗಿದೆ, ಅದರಲ್ಲಿ ಈ ಪರೀಕ್ಷೆ ಬರುವುದಿಲ್ಲ.

“ಆ ಪ್ರೋಟೀನು ಬಹಳ ನಾಜೂಕು. ಸೆಖೆ ತಾಗಿದ್ರೆ ಹಾಳಾಗುತ್ತೆ. ಹಾಳಾದ್ಮೇಲೆ ಪರೀಕ್ಷೆ ಮಾಡಿದ್ರೆ ‘ಇಲ್ಲ’ ಅಂತಲೇ ಉತ್ತರ ಬರುತ್ತೆ, ಮೊದಲು ಇದ್ದಿದ್ರೂನೂ. ಆ ಸುಳ್ಳು ಉತ್ತರ ನಂಬಿಕೊಂಡು ನಾನು ತಪ್ಪು ಔಷಧಿ ಕೊಡ್ತೀನಿ.”

ಸಾಕ್ಷಿ ಸತ್ತರೆ ಕೇಸು ಏನಾಗುತ್ತದೆಂದು ತೀರ್ಥಪ್ಪನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನು ಎದ್ದುನಿಂತಿದ್ದ.

ಹೊರಡುವ ಮುಂಚೆ ವಾರ್ಡಿನಲ್ಲಿ ಕಾಂತಮ್ಮನನ್ನೂ ಕಂಡಿದ್ದರು. ಕಡೂರಿನ ಸಂತೆಯಲ್ಲಿ ಈರುಳ್ಳಿ ಮಾರುವ ಗಟ್ಟಿ ಹೆಂಗಸು. ಆಪರೇಷನ್ ಆಗಿ ಎಚ್ಚರವಾದೊಡನೆ ಅವಳು ಕೇಳಿದ ಮೊದಲ ಪ್ರಶ್ನೆ, ಗಂಟು ಎಷ್ಟು ತೂಗಿತು ಎಂದು. ಕಳುವಿನ ಸುದ್ದಿ ಕೇಳಿ ಅವಳು ದಿಂಬಿನ ಮೇಲೆ ತಲೆ ಹೊರಳಿಸಿ ತೀರ್ಥಪ್ಪನ ಕಡೆ ನೋಡಿದಳು.

“ಈರುಳ್ಳಿ ಕದಿಯೋರ್ನ ನೋಡಿದ್ದೆ ಕಣಪ್ಪ,” ಎಂದಳು. “ಇದನ್ನೂ ಕದೀತಾರೆ ಅಂತ ಗೊತ್ತಿರ್ಲಿಲ್ಲ. ಬೇಗ ಹುಡುಕು. ಕದ್ದೋನು ಸಾರು ಗೀರು ಮಾಡಿಬಿಟ್ಟಾನು.”

ನಗುತ್ತಾ ಹೇಳಿದಳು. ಆದರೆ ಅವರು ಬಾಗಿಲು ದಾಟುವಾಗ ಹಿಂದಿನಿಂದ ಇನ್ನೊಂದು ಮಾತು ಬಂದಿತ್ತು. “ಆ ಮಾತ್ರೆ ನನಗೆ ಆಯ್ತದೆ ಅಂತ ಡಾಕ್ಟ್ರ ಮನಸ್ಸಲ್ಲಿದೆ. ಸುಳ್ಳಾಗದಿರ್ಲಿ.”

*

ಸುಳಿವು ಕೊಟ್ಟದ್ದು ಬೆರಳು.

ಆ ಕ್ಯಾನಿನೊಳಗೆ ಗೊತ್ತಿಲ್ಲದೆ ಕೈಹಾಕಿದವನ ಬೆರಳು ತಂಪಿಗೇ ಸುಟ್ಟಂತಾಗುತ್ತದೆ ಎಂದು ಪಶುವೈದ್ಯರು ಹೇಳಿದ್ದರು. ಹೋಟೆಲಿನ ಕಲ್ಲೇಶಪ್ಪ ಆ ಹೊತ್ತಿಗೆ ಅಲ್ಲಿದ್ದ ಗಿರಾಕಿಗಳಲ್ಲಿ ಹೆಚ್ಚಿನವರು ಶಿವನಿಯವರೇ ಎಂದಿದ್ದ. ಆದ್ದರಿಂದ ಬೆರಳಿಗೆ ಬಟ್ಟೆ ಸುತ್ತಿಕೊಂಡವನನ್ನು ಶಿವನಿಯಲ್ಲಿ ಹಿಡಿದರೆ ಮುಗಿಯಿತು ಎಂದು ತೀರ್ಥಪ್ಪ ಲೆಕ್ಕ ಹಾಕಿದ. ಊರಿಗೆ ಬಂದು ನೋಡಿದರೆ ಅದು ಹುಣಸೆಹಣ್ಣು ಕುಟ್ಟುವ ಕಾಲ. ಜಗಲಿ ಜಗಲಿಯಲ್ಲೂ ಸುತ್ತಿಗೆ ಹಿಡಿದು ಹುಣಸೆಬೀಜ ಬಿಡಿಸುತ್ತಿದ್ದರು. ಬೆರಳಿಗೆ ಬಟ್ಟೆ ಕಟ್ಟದವರೇ ಊರಿನಲ್ಲಿ ಅಪರೂಪ.

ತೀರ್ಥಪ್ಪ ಹಠ ಬಿಡದೆ ಒಬ್ಬೊಬ್ಬರದೇ ಬಟ್ಟೆ ಬಿಚ್ಚಿಸಿ ನೋಡತೊಡಗಿದ. ಸರ್ಕಾರದಿಂದ ಬೆರಳಿಗೆ ಪರಿಹಾರ ಬಂದಿದೆ ಎಂದು ಸುದ್ದಿ ಹಬ್ಬಿತು. ಚಾವಡಿಯ ಮುಂದೆ ಸಾಲು ಬೆಳೆಯಿತು. ಸಾಲಿನ ಕೊನೆಯಲ್ಲಿದ್ದ ಒಬ್ಬಳು ಮುದುಕಿ, ತನ್ನದು ಕಾಲಿನ ಬೆರಳು, ಅದಕ್ಕೂ ಕೊಡುತ್ತಾರೋ ಎಂದು ವಿಚಾರಿಸಿದಳು.

ಸಾಲಿನಲ್ಲಿ ನಿಲ್ಲದೆ, ದೂರದಲ್ಲಿ ಕೈಯನ್ನು ಟವೆಲಿನೊಳಗೆ ಮುಚ್ಚಿಕೊಂಡು ಹೊಲದ ಕಡೆಯಿಂದ ಮನೆಗೆ ಸರಸರನೆ ನಡೆದವನು ಸಣ್ಣಬೀರಪ್ಪ ಒಬ್ಬನೇ.

“ಪರಿಹಾರ ಬೇಡ ಅನ್ನೋನು ಅವನೇ,” ಎಂದಿದ್ದಳು ಕಲ್ಲಮ್ಮ. “ಬಾ.”

*

“ಕೈ ತೋರ್ಸು,” ಎಂದ ತೀರ್ಥಪ್ಪ ಈಗ.

ಸಣ್ಣಬೀರಪ್ಪ ಒಲ್ಲದ ಮನಸ್ಸಿನಿಂದ ಬಲಗೈ ಚಾಚಿದ. ಅರಿಶಿನ ಮೆತ್ತಿದ ಬಟ್ಟೆ ಬಿಚ್ಚಿದರೆ ಎರಡು ಬೆರಳ ತುದಿ ಮೇಣದಂತೆ ಬೆಳ್ಳಗಾಗಿ ಬೊಬ್ಬೆ ಎದ್ದಿದ್ದವು.

“ಇದೇನು?”

“ಬೆಲ್ಲದ ಪಾಕ ತಾಗ್ತು.”

“ಈ ಬಿರುಬಿಸಿಲಲ್ಲಿ ಆಲೆಮನೆ ಯಾರು ಹೂಡಿದಾರೆ?”

ಸಣ್ಣಬೀರಪ್ಪ ಸೂರಿನ ಕಡೆ ನೋಡಿದ.

“ಹೋಳಿಗೆ ಮಾಡಿದ್ವಿ,” ಎಂದ.

“ನಾವ್ಯಾವಾಗ ಮಾಡಿದ್ವಿ?” ಎಂದು ಹಿತ್ತಲ ಬಾಗಿಲಿನಿಂದ ಅವನ ಹೆಂಡತಿ ದ್ಯಾಮಮ್ಮನ ದನಿ ಬಂತು. ಅವಳು ಮಜ್ಜಿಗೆ ಕಡೆಯುತ್ತಾ ಕಿವಿಯನ್ನು ಮಾತ್ರ ಕೊಟ್ಟಿಗೆಯಲ್ಲಿ ಇಟ್ಟಿದ್ದಳು.

“ನೀನು ಸುಮ್ಕಿರೇ.”

ತೀರ್ಥಪ್ಪನ ಮುಖದಲ್ಲಿ ಗೆಲುವು ಕಾಣಿಸಿಕೊಂಡಿತು. ಅವನು ಕೈ ಹಿಂದೆ ಕಟ್ಟಿಕೊಂಡು ಅತ್ತಿಂದಿತ್ತ ನಡೆಯಲು ಶುರುಮಾಡಿದ. ಕೊಟ್ಟಿಗೆ ಚಿಕ್ಕದು, ಎರಡು ಹೆಜ್ಜೆಗೊಮ್ಮೆ ಹಸುವಿನ ಬಾಲ ಅವನ ಮುಖಕ್ಕೆ ಬಡಿಯುತ್ತಿತ್ತು.

“ಸಣ್ಣಬೀರಪ್ಪ, ನೀನು ನಿನ್ನೆ ಕಲ್ಲೇಶಪ್ಪನ ಹೋಟೆಲಿಗೆ ಹೋಗಿದ್ದೆ. ಬೆಂಚಿನ ಮೇಲೆ ಈ ಕ್ಯಾನು ನೋಡಿದೆ. ಹಾಲಿನ ಬೆನಕಪ್ಪ ನಿನ್ನ ನೋಡಿದಾನೆ, ಈಗ ಬರೋವಾಗ ಹೇಳ್ದ. ಟವೆಲ್ಲಿನಲ್ಲಿ ಏನೋ ಸುತ್ಕೊಂಡು ರೈಲು ಹಳಿ ದಾಟಿದ್ದೆ ನೀನು. ಹೌದೋ ಅಲ್ವೋ?”

“ಬೆನಕಪ್ಪನ ಹಾಲಿನಲ್ಲಿ ನೀರು ಎಷ್ಟೈತೆ, ಅದನ್ನ ಮೊದ್ಲು ಪತ್ತೆ ಮಾಡಿ ಸ್ವಾಮಿ.”

“ಮಾತು ತಿರುಗಿಸ್ಬೇಡ.”

“ತಿರುಗಿಸಲ್ಲ,” ಎಂದ ಸಣ್ಣಬೀರಪ್ಪ. ಆಮೇಲೆ ಇದ್ದಕ್ಕಿದ್ದಂತೆ ಪಶುವೈದ್ಯರ ಕಡೆ ಬೆರಳು ಚಾಚಿದ. “ಎಲ್ಲಾ ಇವರಿಂದ್ಲೇ ಆಗಿದ್ದು. ಕೇಳಿ ಬೇಕಾದ್ರೆ. ಆ ದೊಡ್ಡ ಸೀಮೆ ಹೋರಿದು ಒಂದೇ ಒಂದು ಗಬ್ಬದ ಕಡ್ಡಿ ಇಂಜೆಕ್ಷನ್ ಹಾಕಿ ಅಂತ ಎಷ್ಟು ಸಲ ಇವರ ಬಾಗ್ಲಿಗೆ ಹೋಗಿದ್ದೆ. ದೇವನೂರಿನಾಗೆ ನಮ್ಮ ಬೀಗರ ಹಸುಗೆ ಹಾಕಿದ್ರು. ಕರು ಎಮ್ಮೆಕರು ಇದ್ದಂಗೈತೆ. ಬೀಗ ಮದುವೆ ಮನೆಯಾಗೂ ಕರು ವಿಚಾರ, ಸಾವಿನ ಮನೆಯಾಗೂ ಕರು ವಿಚಾರ.”

“ನಿನ್ನ ಹಸು ಗಿಡ್ಡದು ಕಣೋ,” ಎಂದರು ಮಲ್ಲಿಕಾರ್ಜುನಪ್ಪ. “ಅಷ್ಟು ದೊಡ್ಡ ಹೋರಿದು ಹಾಕಿದ್ರೆ ಕರು ಹಾಕೋವಾಗ ಹಸುನೇ ಹೋಗುತ್ತೆ ಅಂತ ಹೇಳ್ಲಿಲ್ವಾ?”

“ಗಿಡ್ಡದು ಅಂತ ನೀವು ಅಂದ್ಕಂಡಿದೀರಿ. ಅದು ಬಗ್ಗಿ ನಿಂತಿತ್ತು ಅವತ್ತು.”

“ಹಸು ಬಗ್ಗಿ ನಿಂತ್ಕೊಳ್ಳುತ್ತೇನೋ?”

“ನಿಮ್ಮನ್ನ ಕಂಡ್ರೆ ನಿಂತ್ಕಂತದೆ.”

ಇಬ್ಬರೂ ಹಸುವಿನ ಎತ್ತರದ ಮೇಲೆ ವಾದಕ್ಕಿಳಿದರು. ಮಲ್ಲಿಕಾರ್ಜುನಪ್ಪನವರು ಅದರ ಬೆನ್ನಿನ ಮೇಲೆ ಗೇಣು ಹಾಕತೊಡಗಿದರು. ವಿಚಾರಣೆ ತನ್ನ ಕೈತಪ್ಪಿ ಹೋಗುತ್ತಿದೆ ಎಂದು ತೀರ್ಥಪ್ಪನಿಗೆ ಅನ್ನಿಸಿತು. ಗೋದಲಿಯ ಅಂಚಿನಲ್ಲಿ ಒರಗಿಸಿಟ್ಟಿದ್ದ ಒಂದು ವಸ್ತು ಕಣ್ಣಿಗೆ ಬಿದ್ದದ್ದು ಆಗಲೇ. ದನಗಳಿಗೆ ಕಷಾಯ ಕುಡಿಸುವ ಬಿದಿರಿನ ಗೊಟ್ಟ. ಅದಕ್ಕೆ ಹೊಸದಾಗಿ ಹರಳೆಣ್ಣೆ ಸವರಿತ್ತು.

“ಇದು ಯಾತಕ್ಕೆ?”

ಪಶುವೈದ್ಯರು ಗೊಟ್ಟವನ್ನು ನೋಡಿದರು, ಹಸುವನ್ನು ನೋಡಿದರು, ಕ್ಯಾನನ್ನು ನೋಡಿದರು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

“ನಿನ್ನೆಯಿಂದ ಬೆದೆಗೆ ಬಂದದೆ,” ಎಂದ ಸಣ್ಣಬೀರಪ್ಪ ಮೆಲ್ಲಗೆ. “ನೀವು ಹಾಕಲ್ಲ ಅಂದ್ಮೇಲೆ ನಾನೇ ಹಾಕನಾ ಅಂತ. ಹೋರಿ ಬೀಜ ಇಡೋ ಅಂಥದ್ದೇ ಕ್ಯಾನು ನಿಮ್ಮ ಆಸ್ಪತ್ರೆಯಾಗೆ ನೋಡಿದ್ದೆ. ಬೆಂಚಿನ ಮ್ಯಾಲೆ ಕಂಡ ಕೂಡ್ಲೇ, ಅದು ನನ್ನೇ ಕಾಯ್ತಾ ಕೂತಿದೆ ಅನ್ನಿಸ್ತು.”

“ಬೀರ,” ಎಂದಳು ಕಲ್ಲಮ್ಮ.

ಅಲ್ಲಿಯ ತನಕ ಅವಳು ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತಿದ್ದಳು. ಎಡಗೈ ಸೆರಗಿನೊಳಗಿತ್ತು. ಅವಳ ದನಿ ಕೇಳಿದ್ದೇ ಸಣ್ಣಬೀರಪ್ಪ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿದ. ಕಲ್ಲಮ್ಮ ಹೊಸದಾಗಿ ಕೆಲಸಕ್ಕೆ ಸೇರಿ ಶಿವನಿ ಶಾಲೆಗೆ ಬಂದಿದ್ದಾಗ ಅವನು ಎರಡನೇ ಕ್ಲಾಸಿನಲ್ಲಿದ್ದ. ಒಂದೇ ಕ್ಲಾಸಿನಲ್ಲಿ ಬಹಳ ಕಾಲ ಇದ್ದ.

“ಏನು ಟೀಚರಮ್ಮ.”

“ಅದರೊಳಗೆ ಹೋರಿದು ಏನೂ ಇಲ್ಲ. ಕಾಂತಮ್ಮ ಅಂತ ದೇವನೂರಿನೋಳು, ಈರುಳ್ಳಿ ಮಾರ್ತಾಳೆ. ಅವಳ ಎದೆಯಲ್ಲಿ ಗಂಟು ಆಗಿತ್ತು. ಕ್ಯಾನ್ಸರ್ರು. ಕೊಯ್ದು ತೆಗೆದಿದಾರೆ. ಅದರದು ಒಂದು ಚೂರು ಅದರೊಳಗಿದೆ.”

ಸಣ್ಣಬೀರಪ್ಪ ಕಂಬಳಿಯ ಮೇಲಿಂದ ಕೈ ತೆಗೆದ.

“ಈರುಳ್ಳಿ ಕಾಂತಮ್ಮಂದಾ?”

“ಗೊತ್ತಾ ನಿನಗೆ?”

“ನಮ್ಮ ಬೀಗರ ಬೀದಿಯೋರೇ. ಹೋದ್ರೆ ಕರೆದು ನೀರು ಕೊಡ್ತಾರೆ.” ಅವನು ತೊಡೆಯ ನಡುವಿನಿಂದ ಇಳಿಯುತ್ತಿದ್ದ ಹೊಗೆಯನ್ನು ಹೊಸದಾಗಿ ನೋಡುವಂತೆ ನೋಡಿದ. “ಕೊಯ್ದು ತೆಗೆದಿದ್ದನ್ನ ಮತ್ಯಾಕೆ ಇಟ್ಕಂಡಿದೀರಿ ಟೀಚರಮ್ಮ?”

ಕಲ್ಲಮ್ಮ ಪಶುವೈದ್ಯರ ಕಡೆ ತಿರುಗಿದಳು. “ಹಸು ಬೆದೆಗೆ ಬರೋದು ಯಾವುದರಿಂದ ಅಂತ ಇವನಿಗೆ ಹೇಳಿ ಡಾಕ್ಟ್ರೇ.”

“ಅದರ ಮೈಯಲ್ಲೇ ಒಂದು ರಸ ಊರುತ್ತೆ,” ಎಂದರು ಮಲ್ಲಿಕಾರ್ಜುನಪ್ಪ. “ಹಾರ್ಮೋನು ಅಂತೀವಿ.”

“ಕಾಂತಮ್ಮನ ಮೈಯಲ್ಲೂ ಅದೇ ಇದೆ. ಎಲ್ಲ ಹೆಂಗಸರ ಮೈಯಲ್ಲೂ ಇದೆ. ಕೆಲವರ ಗಂಟು ಆ ರಸ ಹಿಡ್ಕೊಂಡೇ ಬೆಳೆಯೋದು ಬೀರ. ಹಿಡ್ಕೊಳ್ಳೋದಕ್ಕೆ ಗಂಟಿನ ಕಣಕಣದೊಳಗೂ ಒಂದು ಪ್ರೋಟೀನು ಇರುತ್ತೆ. ಅವಳ ಗಂಟಿನಲ್ಲಿ ಅದು ಇದೆಯಾ ಅಂತ ಆ ಚೂರು ನೋಡಿ ಹೇಳ್ತಾರೆ. ಇದ್ರೆ ದಿನಾ ಮಾತ್ರೆ ನುಂಗಿಕೊಂಡು ಅವಳು ಸಂತೆಗೆ ಹೋಗ್ಬಹುದು. ಒಂದೊಂದು ಕಡೆ ಆ ರೋಗದ ಬೇರು ಉಳಿದಿದ್ರೂ ತಲೆ ಎತ್ತದೆ ಇರುತ್ತೆ. ನೀನು ಅದನ್ನ ತೆಗೆದು ಈ ಬಿಸಿಲಲ್ಲಿಟ್ರೆ, ಆ ಪ್ರೋಟೀನು ಸಾಯುತ್ತೆ. ಆಮೇಲೆ ಅವಳಿಗೆ ಯಾವ ಔಷಧಿ ಅಂತ ಕಣ್ಣು ಮುಚ್ಚಿಕೊಂಡು ಕೊಡಬೇಕು.”

ಸಣ್ಣಬೀರಪ್ಪ ಒಮ್ಮೆ ಹಸುವಿನ ಕಡೆ, ಒಮ್ಮೆ ಹರಳೆಣ್ಣೆಯ ಗೊಟ್ಟದ ಕಡೆ ನೋಡಿದ. ಸಂಜೆ ತಾನು ಏನು ಮಾಡುವವನಿದ್ದೆ ಎಂಬುದು ಅವನ ತಲೆಗೆ ನಿಧಾನವಾಗಿ ಇಳಿದದ್ದು ಮುಖದಲ್ಲೇ ಕಂಡಿತು. ಧಡಕ್ಕನೆ ಎದ್ದುನಿಂತ. ಕೂತು ಕೂತು ಅವನ ಪಂಚೆಯ ಹಿಂಭಾಗ ಹಪ್ಪಳದಂತೆ ಸೆಟೆದುಕೊಂಡಿತ್ತು. ಅವನು ಎದ್ದರೂ ಅದು ಕೂತಂತೆಯೇ ಇತ್ತು.

“ತಗಂಡೋಗಿ,” ಎಂದ. “ಕಾಂತಮ್ಮನಿಗೆ ನಾನು ಅಂತ ಹೇಳ್ಬೇಡಿ.”

“ಹೇಳ್ತೀನಿ,” ಎಂದ ತೀರ್ಥಪ್ಪ. “ನೀನು ಬಂದು ಅವಳ ಮುಂದೆ ನಿಂತ್ಕೊಳ್ಳೋವಾಗ ನಾನು ಪಕ್ಕದಲ್ಲಿರ್ತೀನಿ.”

*

ಮಲ್ಲಿಕಾರ್ಜುನಪ್ಪನವರು ಕಂಬಳಿ ಸರಿಸಿ, ಕ್ಯಾನಿನ ಮೈಯನ್ನು ಎಲ್ಲ ಕಡೆ ಸವರಿ ನೋಡಿದರು. ಎಲ್ಲೂ ತಗ್ಗು ಬಿದ್ದಿರಲಿಲ್ಲ. ಸರ್ಕಾರದ ಕ್ಯಾನನ್ನು ಗೆಳೆತನಕ್ಕೆ ಕಟ್ಟುಬಿದ್ದು ಪಂಚಾಕ್ಷರಪ್ಪನವರಿಗೆ ಕೊಟ್ಟ ಮೇಲೆ ಆ ಮನುಷ್ಯ ಊಟ ಸರಿಯಾಗಿ ಮಾಡಿರಲಿಲ್ಲ. ಮುಚ್ಚಳ ತೆಗೆದು, ಉದ್ದನೆಯ ಕಡ್ಡಿಯೊಂದನ್ನು ಇಳಿಬಿಟ್ಟು, ಎತ್ತಿ, ಅದರ ಮೇಲೆ ಬಿಳಿ ಹಿಮ ಎಲ್ಲಿಯ ತನಕ ಕಟ್ಟಿದೆ ಎಂದು ನೋಡಿದರು.

“ಕಮ್ಮಿಯಾಗಿದೆ, ಆದ್ರೆ ಸಾಕು,” ಎಂದರು. 

“ಇವತ್ತಿನ ರೈಲಿಗೆ ಹಾಕಿದ್ರೆ ಹುಬ್ಬಳ್ಳಿ ತನಕ ತಡೆಯುತ್ತೆ. ಅಲ್ಲಿ ನನ್ನ ಜೊತೆ ಓದಿದೋನು ಇದಾನೆ, ಮತ್ತೆ ತುಂಬಿಸಿ ಕಳಿಸ್ತಾನೆ.”

ತೀರ್ಥಪ್ಪ ದೀರ್ಘವಾಗಿ ಉಸಿರುಬಿಟ್ಟ. ಎಮ್ಮೆಗಳನ್ನು ಬಿಟ್ಟು ಇನ್ನೊಂದು ವಸ್ತುವನ್ನು ಅವನು ಪತ್ತೆ ಮಾಡಿದ್ದು ಇದೇ ಮೊದಲು. ಕಚೇರಿಯ ಬೋರ್ಡಿಗೆ ಹೊಸ ಬಣ್ಣ ಹೊಡೆಸುವ ಯೋಚನೆಯೂ ಬಂತು.

“ಎರಡೂ ಸರಿಯಾಗಿವೆಯಾ ನೋಡಿ ಡಾಕ್ಟ್ರೇ,” ಎಂದಳು ಕಲ್ಲಮ್ಮ.

ಮಲ್ಲಿಕಾರ್ಜುನಪ್ಪನವರು ದಪ್ಪ ಬಟ್ಟೆ ಸುತ್ತಿದ ಕೈಯಿಂದ, ಕ್ಯಾನಿನೊಳಗೆ ತೂಗುಬಿಟ್ಟಿದ್ದ ಉದ್ದ ಹಿಡಿಯ ಲೋಟವನ್ನು ಕ್ಯಾನಿನ ಕೊರಳಿನ ತನಕ ಎತ್ತಿದರು. ಹೊಗೆ ಉಕ್ಕಿ ಅವರ ಕನ್ನಡಕ ಮುಚ್ಚಿತು. ಬಾಯಿಂದ ಊದಿ ಇಣುಕಿದರು.

“ಒಂದೇ ಇದೆಯಲ್ಲ. ಒಂದು ಶೀಷೆ.”

“ಒಂದೇ ಇರಬೇಕಾದ್ದು,” ಎಂದ ತೀರ್ಥಪ್ಪ. “ಕಾಂತಮ್ಮಂದು ಒಂದು.”

“ನಿನ್ನೆ ಎರಡಿದ್ವು,” ಎಂದ ಸಣ್ಣಬೀರಪ್ಪ. “ಬೆರಳಿನಷ್ಟುದ್ದ, ಜೋಡಿ. ಒಂದನ್ನ ಎತ್ತಾಕೆ ಹೋಗೇ ಬೆರಳು ಹಿಂಗಾಗಿದ್ದು. ದೇವರಾಣೆ, ಹಂಗೇ ಬಿಟ್ಟು ಮುಚ್ಚಿದೆ.”

ತೀರ್ಥಪ್ಪ ಅವನ ಮಾತನ್ನು ಕೇಳಿಸಿಕೊಂಡನೋ ಇಲ್ಲವೋ. ಅವನು ಅಕ್ಕನನ್ನೇ ನೋಡುತ್ತಿದ್ದ. ಲೋಟ ಎತ್ತುವ ಮುಂಚೆ, ಸಣ್ಣಬೀರಪ್ಪ ಬಾಯಿ ಬಿಡುವ ಮುಂಚೆ ಅವಳು ಎರಡು ಎಂದಿದ್ದಳು.

“ಎರಡು ಅಂತ ನಿನಗೆ ಯಾರು ಹೇಳಿದ್ರು ಅಕ್ಕ?”

ಕಲ್ಲಮ್ಮ ಮುಂದೆ ಬಂದು ಲೋಟದೊಳಗೆ ಬಗ್ಗಿದಳು. “ಮೇಲೆ ಪಟ್ಟಿ ಅಂಟಿಸಿರ್ತಾರೆ. ಹೆಸರು ಓದಿ ಹೇಳಿ.”

ಪಶುವೈದ್ಯರು ಕಡ್ಡಿಯ ತುದಿಯಿಂದ ಹಿಮ ಕೆರೆದರು.

“ಕಾಂತಮ್ಮ, ದೇವನೂರು,” ಎಂದು ಓದಿದರು.

“ಸರಿ. ಒಳಗೆ ಬಿಡಿ, ಗಾಳಿ ತಾಗೋದು ಬೇಡ. ಅವಳದಂತೂ ಸಿಕ್ತಲ್ಲ.”

ಮುಚ್ಚಳ ಕೂತಿತು. ಹೊಗೆ ಕಮ್ಮಿಯಾಯಿತು.

“ಅಕ್ಕ, ಇನ್ನೊಂದು ಯಾರದು?”

“ನಂದು ಕಣೋ,” ಎಂದಳು ಕಲ್ಲಮ್ಮ.

ತೀರ್ಥಪ್ಪ ಅಲ್ಲಿದ್ದ ಹುಲ್ಲಿನ ಹೊರೆಯ ಮೇಲೆ ಕೂತ.

“ಯಾವಾಗ?” ಎಂದ.

“ಕಾಂತಮ್ಮನ ಆಪರೇಷನ್ ದಿನವೇ, ಅವಳಿಗಿಂತ ಮುಂಚೆ. ಚಿಕ್ಕದು, ಗೋಡಂಬಿಯಷ್ಟು. ಅಲ್ಲೇ ಮರಗಟ್ಟೋ ಇಂಜೆಕ್ಷನ್ ಕೊಟ್ಟು ತೆಗೆದ್ರು.”

“ಪಿಂಚಣಿ ಕೆಲಸಕ್ಕೆ ಚಿಕ್ಕಮಗಳೂರಿಗೆ ಹೋಗ್ತೀನಿ ಅಂದಿದ್ದೆ.”

“ಅಂದಿದ್ದೆ.”

“ನನಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಡಾಕ್ಟ್ರನ್ನ ಕೂರಿಸ್ಕೊಂಡು ಹೇಳಿಕೆ ಬರ್ಕೊಳ್ತಿದ್ದೆ. ರೋಗದ ಹೆಸರು, ವಯಸ್ಸು, ಊರು.” ಅವಳು ಬಗ್ಗಿ ಅವನ ಕೂದಲಿಗೆ ಅಂಟಿದ್ದ ಹುಲ್ಲುಕಡ್ಡಿ ತೆಗೆದಳು. “ಬೊಂಬಾಯಿಂದ ಉತ್ತರ ಬಂದ ಮೇಲೆ ಹೇಳೋಣ ಅಂತಿದ್ದೆ ತೀರ್ಥ. ಉತ್ತರ ಕೈಯಲ್ಲಿದ್ರೆ ಹೇಳೋದು ಸುಲಭ.”

“ಬೆಳಿಗ್ಗೆಯಿಂದ ಸ್ಕೂಟರಿನಲ್ಲಿ ಬಂದೆಯಲ್ಲ ಅಕ್ಕ. ಆ ರಸ್ತೆಯಲ್ಲಿ.”

“ನೀನು ಓಡಿಸೋದು ನೋಡಿ ನೋವು ಮರೆತೇ ಹೋಗಿತ್ತು.”

ಸಣ್ಣಬೀರಪ್ಪ ಗೋಡೆಯ ಕಡೆ ತಿರುಗಿ ಟವೆಲಿನಿಂದ ಕಣ್ಣು ಒರೆಸಿಕೊಂಡ. ಸೆಟೆದ ಪಂಚೆ ಕರಗಿ ತೊಟ್ಟಿಕ್ಕುತ್ತಿತ್ತು. “ನಾನು ತೆಗೆದಿಲ್ಲ ಟೀಚರಮ್ಮ,” ಎಂದ. “ಹಸು ಮುಟ್ಟಿ ಹೇಳ್ತೀನಿ.”

“ನೀನು ಸುಳ್ಳು ಹೇಳೋದು ನನಗೆ ಗೊತ್ತಾಗುತ್ತೆ ಬೀರ. ಈಗ ಹೇಳ್ತಿಲ್ಲ.” ಕಲ್ಲಮ್ಮ ಸೆರಗು ಸರಿಮಾಡಿಕೊಂಡಳು. “ನಂದು ಅಲ್ಲಿದೆ ಅಂತ ಗೊತ್ತಿದ್ದದ್ದು ನನಗೆ, ಪಂಚಾಕ್ಷರಪ್ಪನೋರಿಗೆ. ಮಂಜಪ್ಪನಿಗೂ ಒಂದೇ ಅಂತ ಹೇಳಿದ್ವಿ.”

“ಹಂಗಾದ್ರೆ ಇನ್ನೊಂದು ಎಲ್ಲಿ ಹೋಯ್ತು?” ಎಂದ ತೀರ್ಥಪ್ಪ, ಎಲ್ಲರನ್ನೂ ಕೇಳುವಂತೆ.

ದ್ಯಾಮಮ್ಮ ಮಜ್ಜಿಗೆಯ ಚೊಂಬು ಹಿಡಿದು ಒಳಗೆ ಬಂದಳು. ಎಲ್ಲರ ಮುಖ ನೋಡಿ ಬಾಗಿಲಲ್ಲೇ ನಿಂತಳು.

“ಇನ್ನೊಂದು ಸಣ್ಣ ಶೀಷೆನಾ? ಅದನ್ನ ಬೆಳಿಗ್ಗೆನೇ ಕಳಿಸ್ಕೊಟ್ನಲ್ಲ. ಇವ್ರು ಹೊಲಕ್ಕೆ ಹೋಗಿದ್ರು.” ಅವಳು ಪಶುವೈದ್ಯರ ಕಡೆ ಕೈತೋರಿಸಿದಳು. “ಈ ಡಾಕ್ಟ್ರೇ ಕಳಿಸಿದಾರೆ ಅಂತ ಒಬ್ಬಮ್ಮ ಬಂದಿದ್ರು. ಕಾರಿನಾಗೆ. ಕೈಗೆ ಚರ್ಮದ ದಪ್ಪ ಕೈಗವಸು ಹಾಕ್ಕಂಡಿದ್ರು. ಅಗಲ ಬಾಯಿನ ಫ್ಲಾಸ್ಕಿಗೆ ಈ ಹೊಗೆ ನೀರನ್ನೇ ಒಂದಿಷ್ಟು ಬಗ್ಗಿಸ್ಕಂಡು, ಅದರಾಗೆ ಇಟ್ಕಂಡು ಹೋದ್ರು.”

“ನಾನು ಯಾರನ್ನೂ ಕಳಿಸಿಲ್ಲ,” ಎಂದರು ಮಲ್ಲಿಕಾರ್ಜುನಪ್ಪ.

ತೀರ್ಥಪ್ಪ ಹುಲ್ಲಿನ ಹೊರೆಯಿಂದ ಎದ್ದ. “ಕ್ಯಾನು ಇಲ್ಲಿದೆ ಅಂತ ನಮಗೇ ಈಗ ಗೊತ್ತಾಗಿದ್ದು. ದ್ಯಾಮಮ್ಮ, ಅವರು ಬಂದು ಏನಂದ್ರು? ಅವರಂದ ಹಾಗೇ ಹೇಳು.”

ದ್ಯಾಮಮ್ಮ ಚೊಂಬನ್ನು ಕಟ್ಟೆಯ ಮೇಲಿಟ್ಟಳು.

“ಪೂರಾ ಡಬ್ಬಿನೇ ತಗಂಡೋಗ್ರಮ್ಮ, ನಮ್ಮ ಮನೆಯಾಗೆ ಬೇಡ ಅಂದೆ. ಅವ್ರು ಕೇಳ್ಲಿಲ್ಲ. ಕಾಂತಮ್ಮಂದು ನನಗೆ ಬೇಡ, ಕಲ್ಲಮ್ಮಂದು ಮಾತ್ರ ಸಾಕು ಅಂದ್ರು.”